ಮುಫೀದಾರ ಅಡುಗೆಮನೆ ಉಳಿಸಿದ ಅಗಳು

ನಂತೂರಿನ ಲಾರಿ ಗದ್ದಲ ದಾಟಿ ಒಳರಸ್ತೆಯಲ್ಲಿ ಇಳಿದರೆ ಗುಡ್ಡದ ಬದಿಯಲ್ಲಿ ಮುಫೀದಾ ಅವರ ಮನೆ. ಅವರು ಮನೆಯಲ್ಲೇ ಪತ್ತಿರ್, ಅಂದರೆ ಅಕ್ಕಿರೊಟ್ಟಿ, ತಟ್ಟಿ ದಿನಾ ಬೆಳಿಗ್ಗೆ ಬಂದರಿನ ಒಂದು ಹೋಟೆಲಿಗೆ ಕಳಿಸುತ್ತಾರೆ. ಹನ್ನೊಂದು ವರ್ಷ ಕಷ್ಟಪಟ್ಟು ಕಟ್ಟಿದ ಕೆಲಸ ಅದು. ಆದರೆ ಕಳೆದ ಎರಡು ಮಳೆಗಾಲ ಗುಡ್ಡದ ಕೆಂಪುನೀರು ಹಿಂಬಾಗಿಲಿನಿಂದ ಒಳಗೆ ನುಗ್ಗಿತು. ಹಿಟ್ಟಿನ ಡಬ್ಬಿ ತೇಲಿತು, ಒಲೆಯಲ್ಲಿ ಕೆಸರು ತುಂಬಿತು, ವಾರಗಟ್ಟಲೆ ರೊಟ್ಟಿ ಇಲ್ಲ. ಹೋಟೆಲಿನವರು ಬೈಯಲಿಲ್ಲ. "ಈ ಮಳೆಗಾಲವೂ ನಿಂತ್ರೆ ನಾವು ಬೇರೆಯವರನ್ನು ನೋಡ್ತೇವೆ ಆಯ್ತಾ" ಎಂದಷ್ಟೇ ಹೇಳಿದರು. ಮುಫೀದಾರಿಗೆ ಅದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಗಂಡ ಜಮಾಲುದ್ದೀನ್ ಇಪ್ಪತ್ತೆರಡು ವರ್ಷ ಕೊಲ್ಲಿ ದೇಶದ ದಮಾಮಿನಲ್ಲಿ ದುಡಿದು ಎರಡು ವರ್ಷದ ಹಿಂದೆ ಊರಿಗೆ ಬಂದವರು. ಮರಳುಗಾಡಿನಲ್ಲಿದ್ದು ಇವರಿಗೆ ನಮ್ಮ ಮಳೆ ಮರೆತೇಹೋಗಿದೆ ಎಂದು ನಾವು ನೆರೆಕರೆಯವರು ತಮಾಷೆ ಮಾಡುವುದುಂಟು. ಬಂದ ವರ್ಷವೇ ಅವರು ಒಂದು ಕೆಲಸ ಮಾಡಿದ್ದರು. ಮನೆಯ ಹಿಂದೆ ಗುಡ್ಡದ ಬುಡದಲ್ಲಿ ಉದ್ದಕ್ಕೆ ಒಂದು ಹಳೇ ಕಂದಕವಿತ್ತು. ನಮ್ಮ ಕಡೆ ಅದಕ್ಕೆ ಅಗಳು ಎನ್ನುತ್ತಾರೆ. ಮಲೇರಿಯಾ ಕೆಲಸದವರು ನೀರು ನಿಲ್ಲಿಸಬೇಡಿ ಎಂದದ್ದೇ ತಡ, ಜಮಾಲುದ್ದೀನ್ ಒಡೆದ ಹಂಚು, ಮಣ್ಣು ತರಿಸಿ ಅಗಳನ್ನು ಮುಚ್ಚಿಸಿಬಿಟ್ಟರು. ಕಾರು ನಿಲ್ಲಿಸಲು ಜಾಗವೂ ಆಯಿತು.

ಈ ಮೇ ತಿಂಗಳಲ್ಲಿ ಅವರು ಅಡುಗೆಮನೆಯ ಹಿಂದೆ ಕಾಂಕ್ರೀಟ್ ಗೋಡೆ ಕಟ್ಟಿಸಲು ಹೊರಟರು. ಪಕ್ಕದ ಮನೆಯ ರತ್ನಾವತಿ ಬೇಲಿಯ ಹತ್ತಿರ ಬಂದು ನಿಂತರು. ಗದ್ದೆ, ತೋಟ ಎಲ್ಲ ಕಂಡ ಹಿರಿಯ ಹೆಂಗಸು.

"ಗೋಡೆ ಯಾಕೆ ಜಮಾಲ್? ನೀನು ಮುಚ್ಚಿದ ಅಗಳು ತೆಗೆದ್ರೆ ಸಾಕಲ್ಲ."

"ಅದು ಬರೀ ಹೊಂಡ, ರತ್ನಕ್ಕ. ಮಳೆನೀರು ಕೊರೆದದ್ದು. ಸೊಳ್ಳೆ ಬಿಟ್ಟರೆ ಅದರಲ್ಲಿ ಎಂತ ಉಂಟು?"

"ಓಡುವ ನೀರಲ್ಲಿ ಸೊಳ್ಳೆ ಆಗುವುದಿಲ್ಲ ಮಾರಾಯ. ನಾವು ಕಸ ಹಾಕಿದ್ದಕ್ಕೆ ನೀರು ನಿಂತದ್ದು. ಮತ್ತೆ ಅದು ಮಳೆ ಮಾಡಿದ ಹೊಂಡ ಅಲ್ಲ, ಜನ ಮಾಡಿದ್ದು. ಈ ಗುಡ್ಡವನ್ನೇ ಒಮ್ಮೆ ಸರಿಯಾಗಿ ನೋಡು. ಮೇಲೆ ಬೆಟ್ಟು, ನಡುವೆ ಮಜಲು, ಕೆಳಗೆ ಬೈಲು. ಮೂರು ಮೆಟ್ಟಿಲು. ಮಳೆ ಎಲ್ಲಿಯಾದ್ರೂ ಮೆಟ್ಟಿಲು ಕಡೀತದಾ?"

ಜಮಾಲುದ್ದೀನ್ ನಕ್ಕರು. "ಗುಡ್ಡವನ್ನು ಮನುಷ್ಯರು ಮಾಡಿದ್ದಾರೆ ಅಂತೀರಾ? ಯಾವ ಕಾಲದಲ್ಲಿ?"

"ಗುಡ್ಡ ದೇವರದ್ದು. ಆಕಾರ ನಮ್ಮವರದ್ದು. ಕಾಲ ಗೊತ್ತಿಲ್ಲ. ನನ್ನ ಅತ್ತೆಯ ಅಜ್ಜಿಗೂ ಅದು ಹಳೇದೇ ಆಗಿತ್ತಂತೆ. ಪತ್ತನಾಜೆಗೆ ಮೊದಲು, ಮಳೆ ಹಿಡಿಯುವ ಮೊದಲು, ಅಗಳಿನ ಮಣ್ಣು ತೆಗೆಯುವುದು ಆಗಿನಿಂದ ಬಂದ ಕ್ರಮ."

ಹಿತ್ತಲ ಗಿಡ ಮದ್ದಲ್ಲ ಎಂಬಂತೆ ಜಮಾಲುದ್ದೀನ್ ಆ ಮಾತನ್ನು ಅಲ್ಲಿಗೇ ಬಿಟ್ಟರು. ಮರುದಿನ ಗೋಡೆಯ ಪಾಯ ತೋಡಲು ಚೆನ್ನಪ್ಪ ಬಂದ. ಮೂವತ್ತು ವರ್ಷದಿಂದ ಕಲ್ಲು, ಮಣ್ಣಿನ ಕೆಲಸ ಮಾಡಿದ ಕೈ. ಹಂಚಿನ ಚೂರು, ಮಣ್ಣು ಎಲ್ಲ ತೆಗೆದು ಸೊಂಟದ ಮಟ್ಟಕ್ಕೆ ಇಳಿದವನು ಕೆಲಸ ನಿಲ್ಲಿಸಿದ.

"ಸಾಹೇಬ್ರೆ, ಇಲ್ಲಿ ಸ್ವಲ್ಪ ಕೈ ಇಟ್ಟು ನೋಡಿ."

ಅಗಳಿನ ಬದಿ ಕೆಂಪು ಮುರಕಲ್ಲಿನದ್ದು. ಅದರ ಮೇಲೆ ಓರೆಯಾಗಿ ಸಾಲುಸಾಲು ಗೆರೆಗಳು. ಜಮಾಲುದ್ದೀನ್ ಬಗ್ಗಿ ಬೆರಳಾಡಿಸಿದರು. ಒಂದೊಂದು ಗೆರೆಯೂ ಒಂದೇ ಅಳತೆ, ಒಂದೇ ಓರೆ.

"ಇದು ನೀರು ಕೊರೆದದ್ದಲ್ಲ. ಪಿಕ್ಕಾಸಿನ ಪೆಟ್ಟು" ಎಂದ ಚೆನ್ನಪ್ಪ. "ಹೊಡೆದವನು ಎಡಗೈಯವನು ಇರ್ಬೇಕು, ಓರೆ ಆಚೆ ಕಡೆಗೆ ಉಂಟು."

ಮುಫೀದಾ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು. ಚೆನ್ನಪ್ಪ ನೀರು ತುಂಬಿದ ಪೈಪು ಹಿಡಿದು ಅಗಳಿನ ಮಟ್ಟ ನೋಡಿದ. ಮುಚ್ಚಿದ ಜಾಗದಲ್ಲಿ ಅಲ್ಲಲ್ಲಿ ತಳದವರೆಗೆ ತೋಡಿ ನೋಡಿದ. ರತ್ನಾವತಿಯವರ ಹಿತ್ತಲಿನಿಂದ ಕೆಳಗೆ ಹರಿಯುವ ತೋಡಿನವರೆಗೆ ತಳ ಒಂದೇ ಸಮ ಇಳಿಯುತ್ತಿತ್ತು, ಹತ್ತಡಿಗೆ ಒಂದು ಬೆರಳು. ಎಲ್ಲಿಯೂ ಹೆಚ್ಚಿಲ್ಲ, ಎಲ್ಲಿಯೂ ಕಮ್ಮಿ ಇಲ್ಲ.

"ನನಗಿದಕ್ಕೆ ಪೈಪು ಬೇಕಾಯ್ತು. ಅವರ ಹತ್ರ ಪೈಪೂ ಇರ್ಲಿಲ್ಲ" ಎಂದ ಅವನು.

ಮುಫೀದಾ ಗಂಡನ ಮುಖ ನೋಡಿದರು. "ಗುಡ್ಡದ ನೀರು ನಮ್ಮ ಮನೆಗೆ ಬಾರದ ಹಾಗೆ ಯಾರೋ ಇಷ್ಟು ಕಷ್ಟಪಟ್ಟಿದ್ದಾರೆ. ನಾವು ಅದನ್ನು ಹಂಚಿನ ಚೂರು ಹಾಕಿ ಮುಚ್ಚಿದ್ದು. ಈಗ ಗೋಡೆ ಕಟ್ಟಿದ್ರೆ ನೀರು ಎಲ್ಲಿಗೆ ಹೋಗ್ತದೆ, ಹೇಳಿ."

"ಗೋಡೆಯ ಹಿಂದೆ ನಿಲ್ತದೆ" ಎಂದರು ಜಮಾಲುದ್ದೀನ್ ಮೆಲ್ಲಗೆ. "ಮತ್ತೆ ಗೋಡೆಯನ್ನೂ ತಕ್ಕೊಂಡು ನಿನ್ನ ಅಡುಗೆಮನೆಗೆ ಬರ್ತದೆ." ಅವರು ಬೇಲಿಯಾಚೆ ಕೂಗಿದರು. "ರತ್ನಕ್ಕ, ನನ್ನದು ತಪ್ಪಾಯ್ತು. ಒಂದು ಹಾರೆ ಕೊಡಿ."

ಹಿರಿಯರ ಎದುರು ಸೋಲೊಪ್ಪಿಕೊಂಡು ಇಷ್ಟು ಖುಷಿಪಟ್ಟ ಗಂಡಸನ್ನು ನಾವು ಕಂಡದ್ದು ಕಮ್ಮಿ. ಅರವತ್ತಡಿ ಅಗಳು ಐದು ದಿನದಲ್ಲಿ ತೆರೆಯಿತು. ಕಾರು ರಸ್ತೆಗೆ ಹೋಯಿತು. ನಮ್ಮ ಊರಿನ ಮಹಿಳಾ ಸಂಘದ ಹೆಂಗಸರು ಮಣ್ಣು ಹೊತ್ತರು, ಮುಫೀದಾ ಎಲ್ಲರಿಗೂ ಮೀನುಸಾರು, ಪತ್ತಿರ್ ಬಡಿಸಿದರು.

ಜೂನ್ ಎರಡನೇ ವಾರ ಒಂದು ಬೆಳಿಗ್ಗೆ ಆಕಾಶವೇ ಹರಿದಂತೆ ಮಳೆ ಬಂತು. ಮುಫೀದಾ ಒಲೆ ಹಚ್ಚಿ ಹಿಂಬಾಗಿಲು ತೆರೆದು ನೋಡಿದರು. ಕೆಂಪುನೀರು ಗುಡ್ಡದಿಂದ ಇಳಿದು, ಅಗಳಿಗೆ ಬಿದ್ದು, ತಿರುಗಿ, ಸೀದಾ ತೋಡಿಗೆ ಓಡುತ್ತಿತ್ತು. ಹೊಸ್ತಿಲು ಒಣಗಿಯೇ ಇತ್ತು. ಮಳೆ ಮೂರು ತಾಸು ಸುರಿಯಿತು, ಒಂದು ಹನಿ ಒಳಗೆ ಬರಲಿಲ್ಲ. ಎಂಟು ಗಂಟೆಗೆ ಮುನ್ನೂರು ರೊಟ್ಟಿ ಬಂದರಿಗೆ ಹೋಯಿತು. ಮಳೆಗಾಲವಿಡೀ ಒಂದು ದಿನವೂ ತಪ್ಪಲಿಲ್ಲ. ಹೋಟೆಲಿನವರು ಈಗ ನಾನೂರು ಕೇಳುತ್ತಿದ್ದಾರೆ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಮ್ಮ ಊರಿನ ಗುಡ್ಡ, ಬೈಲು, ತೋಡುಗಳಲ್ಲಿ ಬಹಳಷ್ಟು ತಾನಾಗಿ ಆದದ್ದಲ್ಲ. ಹೆಸರೂ ಉಳಿಯದ ಜನ ತಲೆಮಾರುಗಟ್ಟಲೆ ಕಡಿದು, ತುಂಬಿ, ನೀರಿಗೆ ದಾರಿ ತೋರಿಸಿದ್ದಾರೆ. ನಿಮ್ಮ ಹಿತ್ತಲಿನಲ್ಲಿ ಅಗಳಿದ್ದರೆ ಮುಚ್ಚಬೇಡಿ, ಕಸ ಹಾಕಬೇಡಿ. ಮುಚ್ಚಿದ್ದರೆ ಹಿರಿಯರನ್ನು ಕೇಳಿ, ನೆರೆಯವರನ್ನು ಸೇರಿಸಿಕೊಂಡು ಮೇ ಮುಗಿಯುವ ಮೊದಲು ತೆರೆಯಿರಿ. ದೊಡ್ಡ ಕೆಲಸವನ್ನು ಅವರು ಆಗಲೇ ಮುಗಿಸಿದ್ದಾರೆ, ನಮಗೆ ಉಳಿದದ್ದು ವರ್ಷಕ್ಕೆ ಐದು ದಿನದ ಕೆಲಸ.