ನಲವತ್ತೊಂದು ಸಲ ಕಲಕಿದ್ದು

ಮೂರು ದಿನದ ಶಿಬಿರಕ್ಕೆ ಹೋಗಿಬಂದ ಇವರು ನಾಲ್ಕನೆಯ ದಿನ ಗೋಣಿಚೀಲದಲ್ಲಿ ಆರು ಹಸುವಿನ ಕೊಂಬು ತಂದು ಅಡುಗೆಮನೆಯ ಮೇಜಿನ ಮೇಲಿಟ್ಟರು. ಅತ್ತೆ ಕನ್ನಡಕ ಹಾಕಿಕೊಂಡು ನೋಡಿ, ಉಳಿದ ಹಸು ಎಲ್ಲಿ ಎಂದು ಕೇಳಿದರು.

ಅಲ್ಲಿಯವರೆಗೆ ನಮ್ಮ ನಾಲ್ಕು ಎಕರೆ ದ್ರಾಕ್ಷಿತೋಟ ಎಲ್ಲರ ತೋಟದಂತೆಯೇ ಇತ್ತು. ಕಳೆಗೆ ಒಂದು ಔಷಧಿ, ಬೂಷ್ಟಿಗೆ ಒಂದು ಔಷಧಿ, ರಸ ಹುದುಗಲು ಅಂಗಡಿಯ ಯೀಸ್ಟ್ ಪೊಟ್ಟಣ. ಇನ್ನು ಮೇಲೆ ಅದೆಲ್ಲ ಬಂದ್ ಎಂದರು. ಸಾವಯವ ಅಂದರೆ ರಾಸಾಯನಿಕ ಬಿಡುವುದು. ಬಯೋಡೈನಾಮಿಕ್ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ, ಅಲ್ಲಿ ಇಡೀ ತೋಟವೇ ಒಂದು ಜೀವ ಎಂದು ವಿವರಿಸಿದರು. ಹಣ್ಣಿನ ಸಿಪ್ಪೆಗೆ ಅಂಟಿಕೊಂಡಿರುವ ಯೀಸ್ಟೇ ರಸವನ್ನು ವೈನ್ ಮಾಡಬೇಕಂತೆ. ಚಂದ್ರನನ್ನು ನೋಡಿ ಕೊಯ್ಯಬೇಕಂತೆ. ಅದಕ್ಕೊಂದು ಕ್ಯಾಲೆಂಡರೂ ಬಂತು: ಬೇರಿನ ದಿನ, ಎಲೆಯ ದಿನ, ಹೂವಿನ ದಿನ, ಹಣ್ಣಿನ ದಿನ. ಮನುಷ್ಯರ ದಿನ ಯಾವುದು ಎಂದು ಅತ್ತೆ ಹುಡುಕಿದರು. ಇರಲಿಲ್ಲ.

ಮೂರು ವರ್ಷ ಹೀಗೆ ನಡೆದುಕೊಂಡರೆ ಪ್ರಮಾಣಪತ್ರ ಸಿಗುತ್ತದೆ. ನಡುವೆ ಒಂದು ಸಲ ತಪ್ಪಿದರೂ ಮತ್ತೆ ಮೊದಲಿನಿಂದ ಮೂರು ವರ್ಷ.

ಕೊಂಬಿಗೆ ಹಸಿ ಸೆಗಣಿ ತುಂಬಿ ಚಳಿಗಾಲಕ್ಕೆ ಮುಂಚೆ ನೆಲದಲ್ಲಿ ಹೂಳಬೇಕು. ಆರು ತಿಂಗಳ ಮೇಲೆ ಅಗೆದರೆ ಒಳಗೆ ಕರಿಯ ಗೊಬ್ಬರ, ಸೆಗಣಿಯ ವಾಸನೆಯೇ ಇರುವುದಿಲ್ಲ. ಎರಡು ಕೊಂಬಿನಷ್ಟನ್ನು ಪೀಪಾಯಿ ನೀರಿಗೆ ಹಾಕಿ ಒಂದು ಗಂಟೆ ಕಲಕಬೇಕು. ಒಂದು ದಿಕ್ಕಿಗೆ ತಿರುಗಿಸಿ, ನಡುವೆ ಸುಳಿ ಬಿದ್ದ ಕೂಡಲೇ ಅದನ್ನು ಮುರಿದು ಎದುರು ದಿಕ್ಕಿಗೆ. ನಿಲ್ಲಿಸುವಂತಿಲ್ಲ. ಆಮೇಲೆ ತೋಟಕ್ಕೆಲ್ಲ ಚಿಮುಕಿಸಬೇಕು. ಇವರಿಗೆ ಭುಜನೋವು, ಅತ್ತೆಗೆ ಎಂಬತ್ತೊಂದು. ಕೆಲಸ ನನ್ನ ತಲೆಗೆ ಬಂತು.

ಮೊದಲ ಸಲ ಕಲಕುತ್ತಿದ್ದಾಗ ಇವರು ಶೆಡ್ಡಿನ ಬಾಗಿಲಿಗೆ ಬಂದು, ಕಾರಿನ ಕೀಲಿ ಎಲ್ಲಿ ಎಂದು ಕೇಳಲು ಬಾಯಿ ತೆರೆದರು. ನನ್ನ ಕೈ ನೋಡಿದರು. ಬಾಯಿ ಮುಚ್ಚಿಕೊಂಡು ಹೋಗಿ ತಾವೇ ಹುಡುಕಿಕೊಂಡರು. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಅವರು ತಾವಾಗಿ ಏನನ್ನಾದರೂ ಹುಡುಕಿಕೊಂಡದ್ದು ಅದೇ ಮೊದಲು. ನಾದಿನಿ ಫೋನ್ ಮಾಡಿದಾಗ ಅತ್ತೆ, ಅವಳು ಕಲಕುತ್ತಿದ್ದಾಳೆ ಎಂದು ಆಪರೇಷನ್ ನಡೆಯುತ್ತಿರುವವರ ವಿಷಯ ಹೇಳುವ ದನಿಯಲ್ಲಿ ಹೇಳಿ ಇಟ್ಟರು. ಅಷ್ಟು ಹೊತ್ತೂ ನಾನು ಏನನ್ನೂ ಯೋಚಿಸಲಿಲ್ಲ. ಸಂಜೆಗೆ ಏನು ಅಡುಗೆ ಎಂದು ಕೂಡ. ಗಂಟೆ ಮುಗಿದಾಗ ಯಾರೋ ಸೆರಗು ಹಿಡಿದು ಎಳೆದಂತಾಯಿತು.

ಆರು ಕೊಂಬು ವರ್ಷದಲ್ಲಿ ಮೂರು ಸಲಕ್ಕೆ ಮುಗಿಯುತ್ತದೆ. ಮುಗಿದ ಮರುವಾರ ನಾನು ಪೀಪಾಯಿಗೆ ಬರೀ ನೀರು ತುಂಬಿ ಕಲಕಲು ನಿಂತೆ. ಒಂದು ಗಂಟೆ, ಸುಳಿ ಮುರಿದು ಮುರಿದು, ನಿಯಮದ ಪ್ರಕಾರ. ಆಮೇಲೆ ನೀರನ್ನು ಶೆಡ್ಡಿನ ಪಕ್ಕದ ಮೊದಲ ಸಾಲಿನ ಬುಡಕ್ಕೆ ಸುರಿದೆ. ಯಾರೂ ಏನೂ ಕೇಳಲಿಲ್ಲ. ಅದರ ಮುಂದಿನ ವಾರವೂ ಕಲಕಿದೆ. ಹೀಗೆ ಎರಡು ವರ್ಷ ಕಳೆಯಿತು. ಮೊದಲ ಸಾಲಿನ ಎಲೆ ಉಳಿದವುಗಳಿಗಿಂತ ದಟ್ಟವಾಯಿತು. ಇವರು ಬಂದವರಿಗೆಲ್ಲ ಆ ಸಾಲನ್ನು ತೋರಿಸಿ, ಕೊಂಬಿನ ಶಕ್ತಿ ನೋಡಿ ಅನ್ನುತ್ತಿದ್ದರು. ನಾನು ಪಕ್ಕದಲ್ಲೇ ನಿಂತಿರುತ್ತಿದ್ದೆ.

ನನಗೆ ಗೊತ್ತಿರದಿದ್ದ ಸಂಗತಿಯೆಂದರೆ, ಇವರು ವೈನ್ ಕೋಣೆಯ ಕಿಟಕಿಯಿಂದ ನಾನು ಕಲಕುವುದನ್ನು ಕಂಡಾಗಲೆಲ್ಲ ತೋಟದ ಪುಸ್ತಕದಲ್ಲಿ ತಾರೀಖು ಹಾಕಿ 'ಕೊಂಬಿನ ಗೊಬ್ಬರ ಕಲಕಿದ್ದು' ಎಂದು ಬರೆಯುತ್ತಿದ್ದರು. ಜೊತೆಗೆ ನನ್ನ ಮೇಲೆ ಮರುಕ ಬೇರೆ. ಮೂರನೆಯ ವರ್ಷದ ಕೊನೆಗೆ, ಕಲಕುವ ಯಂತ್ರ ಬಂದಿದೆಯಂತೆ, ತರಿಸಿಬಿಡೋಣ ಎಂದರು. ನಾನು ಬೇಡ ಎಂದೆ. ಅವರು ಅದನ್ನು ನನ್ನ ಒಳ್ಳೆಯತನ ಎಂದುಕೊಂಡರು. ಯಂತ್ರ ಬಂದರೆ ನನ್ನ ಗಂಟೆ ಹೋಯಿತು.

ಕೊನೆಯ ತಪಾಸಣೆಗೆ ಬಂದಾಕೆ ಹೆಚ್ಚುಕಡಿಮೆ ನನ್ನ ವಯಸ್ಸಿನವಳು. ಮೊಣಕಾಲುದ್ದದ ಬೂಟು ಹಾಕಿಕೊಂಡು ತೋಟವನ್ನೆಲ್ಲ ಸುತ್ತಿದಳು, ಕಪಾಟು ತೆಗೆಸಿ ನೋಡಿದಳು, ಪೀಪಾಯಿಗಳಿಗೆ ಮೂಗು ತಗುಲಿಸಿ ಮೂಸಿದಳು. ಆಮೇಲೆ ಅಡುಗೆಮನೆಯ ಮೇಜಿಗೆ ಕೂತಾಗ ಇವರು ಯಂತ್ರದ ವಿಷಯ ತೆಗೆದರು. ಯಂತ್ರಕ್ಕೆ ಅಡ್ಡಿಯಿಲ್ಲ, ಆದರೆ ಬೇಕೇ ಎಂದಳು ಆಕೆ.

"ಬೇಡ್ವಾ? ಈ ವರ್ಷ ಇವಳು ನಲವತ್ತೊಂದು ಸಲ ಕಲಕಿದಾಳೆ," ಎಂದು ಇವರು ಹೆಮ್ಮೆಯಿಂದ ಪುಸ್ತಕ ಬಿಡಿಸಿ ಮುಂದಿಟ್ಟರು.

ಆಕೆ ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ಕೊಂಬು ಎಷ್ಟು ಹೂತದ್ದು ಎಂದು ಕೇಳಿದಳು. ಆರು ಎಂದರು ಇವರು.

"ಆರು ಕೊಂಬು ಮೂರು ಸಲಕ್ಕೆ ಸರಿಹೋಯ್ತು. ಉಳಿದ ಮೂವತ್ತೆಂಟು ಸಲದ ಗೊಬ್ಬರ ಎಲ್ಲಿಂದ ಬಂತು? ಹೊರಗಿಂದ ತಂದಿದ್ರೆ ಪ್ರಮಾಣಪತ್ರ ಸಿಗಲ್ಲ, ಈಗ್ಲೇ ಹೇಳಿ."

ಇವರು ನನ್ನ ಕಡೆ ತಿರುಗಿದರು. ಮೂರು ವರ್ಷ ಅವರದು, ಗಂಟೆ ನನ್ನದು. ಇವರು ಸುಮ್ಮನೆ ಬರೆದುಕೊಂಡಿದ್ದಾರೆ ಎಂದು ನಾನು ಹೇಳಿಬಿಡಬಹುದಿತ್ತು. ಆಗ ಗಂಟೆ ಉಳಿಯುತ್ತಿತ್ತು, ಸುಳ್ಳು ಪುಸ್ತಕ ಇಟ್ಟವರೆಂದು ಅವರ ಮೂರು ವರ್ಷ ಹೋಗುತ್ತಿತ್ತು.

"ಅದು ಬರೀ ನೀರು," ಎಂದೆ. "ಮೂರು ಸಲ ಗೊಬ್ಬರ. ಉಳಿದಿದ್ದೆಲ್ಲ ಬರೀ ನೀರು ಕಲಕಿದ್ದು."

"ಯಾಕೆ?"

"ಕಲಕುವಾಗ ಯಾರೂ ಕರೆಯಲ್ಲ."

ಆಕೆ ಪೆನ್ನು ಕೆಳಗಿಡದೆ, ಇದಕ್ಕೆ ಸಾಕ್ಷಿ ಇದೆಯೇ ಎಂದಳು. ಕಿಟಕಿ ಪಕ್ಕ ಕೂತಿದ್ದ ಅತ್ತೆ ತಿರುಗಿದರು.

"ಗೊಬ್ಬರ ಹಾಕಿದ ದಿನ ಪೀಪಾಯಿ ತಿಕ್ಕಿ ತೊಳೀತಾಳೆ. ಬೇರೆ ದಿನ ಬೋರಲು ಹಾಕಿ ಬಂದ್ಬಿಡ್ತಾಳೆ. ನಾನು ಇಲ್ಲಿಂದ ನೋಡ್ತೀನಲ್ಲ."

"ಅಮ್ಮ, ಗೊತ್ತಿದ್ದೂ ಹೇಳ್ಲಿಲ್ವಾ ನೀನು?"

"ನೀನು ಕೇಳ್ಲಿಲ್ಲ. ಎಂಟು ಮಂದಿ ಇದ್ದ ಮನೇಲಿ ನಾನು ಸ್ನಾನ ಮಾಡಿ ಮುಗಿದ ಮೇಲೂ ಬಚ್ಚಲಲ್ಲಿ ನೀರು ಸುರೀತಾ ನಿಂತಿರ್ತಿದ್ದೆ. ಅದನ್ನೂ ಯಾರೂ ಕೇಳ್ಲಿಲ್ಲ."

ತಪಾಸಣೆಯಾಕೆ ಹೊರಗೆ ಹೋಗಿ ಮೊದಲ ಸಾಲನ್ನೂ ಪೀಪಾಯಿಯನ್ನೂ ಇನ್ನೊಮ್ಮೆ ನೋಡಿ, ನಾಲ್ಕು ಕಡೆಯಿಂದ ಮಣ್ಣು ತೆಗೆದುಕೊಂಡಳು. ನೀರು ಯಾವುದು ಎಂದಳು. ಬಾವಿಯದು ಎಂದೆ. ಬರೆದದ್ದನ್ನು ಓದಿ ಹೇಳಿದಳು: 'ಬಾವಿ ನೀರು ಕಲಕಿದ್ದು, ಮೂವತ್ತೆಂಟು ಸಲ. ನಿಷೇಧವಿಲ್ಲ.' ಹೊರಡುವಾಗ ಬೂಟಿನ ಮಣ್ಣು ಕೊಡವುತ್ತ, ಒಂದು ಗಂಟೆ ಸಾಲುತ್ತದೆಯೇ ಎಂದು ತಗ್ಗಿದ ದನಿಯಲ್ಲಿ ಕೇಳಿದಳು. ಮುಕ್ಕಾಲು ಗಂಟೆಗೇ ಕೈ ಹಿಡಿದುಕೊಳ್ಳುತ್ತದೆ ಎಂದೆ.

ಮಣ್ಣಿನ ಪರೀಕ್ಷೆ ಸರಿಬಂತು. ಪ್ರಮಾಣಪತ್ರವೂ ಬಂತು. ಇವರು ಅದಕ್ಕೆ ಚೌಕಟ್ಟು ಹಾಕಿಸಿದರು. ವರ್ಷಕ್ಕೆ ಮೂರೇ ಸಲ ಅಂದ ಮೇಲೆ ಯಂತ್ರದ ಮಾತು ನಿಂತಿತು. ನನ್ನ ಮೇಲೆ ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಲು ಯಾವ ಕಡೆಯಿಂದ ಶುರುಮಾಡಬೇಕೆಂದು ಅವರಿಗೆ ತಿಳಿಯಲಿಲ್ಲ. ನಾನು ಎರಡು ವಾರ ಶೆಡ್ಡಿಗೆ ಹೋಗಲಿಲ್ಲ. ಆ ಎರಡು ವಾರ ಉಪ್ಪಿನ ಡಬ್ಬಿಯಿಂದ ಹಿಡಿದು ಸಾಕ್ಸಿನವರೆಗೆ ಎಲ್ಲದಕ್ಕೂ ನನ್ನನ್ನೇ ಕೂಗಿದರು.

ಮೂರನೆಯ ವಾರ ಶೆಡ್ಡಿಗೆ ಹೋದೆ. ನೀರು ತುಂಬಲಿಲ್ಲ. ಬೋರಲು ಬಿದ್ದಿದ್ದ ಪೀಪಾಯಿಯ ಮೇಲೆ ಕೈ ಕಟ್ಟಿಕೊಂಡು ಕೂತೆ. ಕೈಗೆ ಏನೂ ಕೆಲಸವಿಲ್ಲದೆ ಕೂರುವುದು ಕಲಕುವುದಕ್ಕಿಂತ ಕಷ್ಟವಾಗಿತ್ತು. ಸ್ವಲ್ಪ ಹೊತ್ತಿಗೆ ಇವರು ಬಂದರು.

"ಲೇಬಲ್ ಅಂಗಡಿಯವರು ಬಂದಿದಾರೆ. ಬಣ್ಣ ಆರಿಸಬೇಕಂತೆ."

"ಈಗ ಆಗಲ್ಲ."

"ಏನೂ ಮಾಡ್ತಿಲ್ವಲ್ಲ ನೀನು."

"ಇಲ್ಲ," ಎಂದೆ.

ಅವರು ಪೀಪಾಯಿ ನೋಡಿದರು, ನನ್ನ ಕೈ ನೋಡಿದರು. ಗಡಿಯಾರವನ್ನೂ ನೋಡಿಕೊಂಡರು.

"ಬಾಗಿಲು ಹಾಕ್ಲಾ?" ಎಂದು ಕೇಳಿದರು.

"ಹಾಕಿ."

ಹಾಕಿದರು. ಆಚೆ ಅಂಗಳದಲ್ಲಿ ಲೇಬಲ್ ಅಂಗಡಿಯವರಿಗೆ ಅವರು ಏನೋ ಹೇಳಲು ಶುರುಮಾಡಿ, ಅರ್ಧಕ್ಕೆ ನಿಲ್ಲಿಸಿ, ಕೊನೆಗೆ ಹಸಿರೇ ಇರಲಿ ಎಂದದ್ದು ಕೇಳಿಸಿತು. ನನಗೆ ಹಸಿರು ಇಷ್ಟವಿರಲಿಲ್ಲ. ಏಳಲಿಲ್ಲ.