ಗುರುವಣ್ಣನ ಪಾಯಿಂಟ್ ಮೂವತ್ತೆರಡು

ಈ ಮೂಲಕ ಮಸ್ಕತ್ತಿನ ನಮ್ಮ ಕರಾವಳಿ ಬಂಧುಗಳ ಕೂಟದ ಸಮಸ್ತ ಸದಸ್ಯರಿಗೂ, ಅವರ ಮಡದಿ ಮಕ್ಕಳಿಗೂ, ರಜೆಯಲ್ಲಿ ಊರಿಗೆ ಹೋಗಿ ವಾಪಸು ಬರಲು ಮನಸ್ಸಿಲ್ಲದವರಿಗೂ ತಿಳಿಯಪಡಿಸುವುದೇನೆಂದರೆ:

ಒಂದು. ಒಂಬತ್ತು ವರ್ಷಗಳ ಕಾಲ ಕೂಟದ ವಾರ್ಷಿಕ ಓಟಗಳನ್ನು ಆರಂಭಿಸಿಕೊಟ್ಟ ಹಳದಿ ಪ್ಲಾಸ್ಟಿಕ್ ಸೀಟಿಯನ್ನು ಸಕಲ ಗೌರವಗಳೊಂದಿಗೆ ಸೇವೆಯಿಂದ ನಿವೃತ್ತಿಗೊಳಿಸಲಾಗಿದೆ.

ಎರಡು. ಇನ್ನು ಮುಂದೆ ಪಿಸ್ತೂಲಿನ ಶಬ್ದಕ್ಕೆ ಮಾತ್ರ ಓಡತಕ್ಕದ್ದು. ಸೀಟಿ ಕೇಳಿ ಓಡಿದವರನ್ನು, ಆ ಸೀಟಿ ಯಾರದೇ ಆಗಿರಲಿ, ಸ್ಪರ್ಧೆಯಿಂದ ಹೊರಗಿಡಲಾಗುವುದು.

ಹೀಗೆಂದು ಸುತ್ತೋಲೆ ಬರೆದವರು ಗುರುವಣ್ಣ. ಅಲ್ ಅಜೈಬಾದ ಒಂದು ಕಟ್ಟಡ ಕಂಪೆನಿಯಲ್ಲಿ ಸ್ಟೋರ್‌ಕೀಪರ್. ಬೋಲ್ಟು, ನಟ್ಟು, ವಾಶರುಗಳ ನಡುವೆ ಹದಿನಾರು ವರ್ಷ ಕಳೆದವರು. ಮೇ ತಿಂಗಳಿಗೆ ಅವರ ವೀಸಾ ಮುಗಿಯುತ್ತಿತ್ತು, ಆಮೇಲೆ ಊರು. ಮಾರ್ಚಿನಲ್ಲಿ ನಡೆಯುವ ಕ್ರೀಡಾಕೂಟವೇ ಅವರ ಪಾಲಿಗೆ ಕೊನೆಯದು.

ಹಿಂದಿನ ವರ್ಷ ಆದದ್ದು ಯಾರೂ ಮರೆತಿರಲಿಲ್ಲ. ನೂರು ಮೀಟರ್ ಫೈನಲ್. ಗುರುವಣ್ಣ ಸೀಟಿಯನ್ನು ಬಾಯಿಗಿಟ್ಟು ಇನ್ನೂ ಉಸಿರು ಎಳೆದುಕೊಳ್ಳುವಷ್ಟರಲ್ಲಿ ಪಕ್ಕದ ಮೈದಾನದ ವಾಲಿಬಾಲ್ ಅಂಪೈರ್ ಊದಿದ. ನಾಲ್ವರು ಓಡಿದರು, ಮೂವರು ನಿಂತರು. ಮತ್ತೆ ಓಡಿಸಿದಾಗ ನಿಂತ ಮೂವರು ಓಡಿದರು, ಓಡಿದ ನಾಲ್ವರು ಜಗಳಕ್ಕೆ ನಿಂತರು. ಮೂರನೇ ಸಲ ಎಲ್ಲರೂ ಓಡಿದರಾದರೂ ಅದನ್ನು ಓಟ ಎನ್ನುವ ಹಾಗಿರಲಿಲ್ಲ. ಮೊದಲ ಸಲ ಗೆದ್ದಿದ್ದ ಮಮ್ಮದ್ ಮೂರನೆಯದರಲ್ಲಿ ನಾಲ್ಕನೆಯವನಾದ. ಅಂದಿನಿಂದ ಗುರುವಣ್ಣ ಟ್ಯಾಕ್ಸಿಗೆ ಕಾಯುತ್ತ ರಸ್ತೆಬದಿ ನಿಂತರೆ ಯಾರಾದರೂ ಕಾರಿನಿಂದ ಸೀಟಿ ಹೊಡೆದು ಹೋಗುವುದು ರೂಢಿಯಾಯಿತು.

"ಒಂದು ಸಲ, ಒಂದೇ ಒಂದು ಸಲ," ಅಂತ ಗುರುವಣ್ಣ ಹೆಂಡತಿ ವಸಂತಿಗೆ ಹೇಳಿದ್ದರು, "ಏಳು ಜನವೂ ನಾನು ಹೇಳಿದ ಹಾಗೆ ಒಟ್ಟಿಗೆ ಕೇಳ್ಬೇಕು. ಮತ್ತೆ ನಾನು ಸುಮ್ಮನೆ ವಿಮಾನ ಹತ್ತುತ್ತೇನೆ."

"ಹದಿನಾರು ವರ್ಷದಲ್ಲಿ ನಾನೊಬ್ಬಳೇ ಕೇಳ್ಲಿಲ್ಲ, ಇನ್ನು ಏಳು ಜನ ಕೇಳ್ತಾರಾ?" ಅಂದಳು ವಸಂತಿ.

ಗುರುವಣ್ಣ ಪಿಸ್ತೂಲು ಕೇಳಿಕೊಂಡು ಹೋದದ್ದು ಕ್ರೀಡಾ ಸಾಮಾನಿನ ಅಂಗಡಿಗೆ. ಅಲ್ಲಿ ಸೇಲ್ಸ್‌ಮನ್ ಆಗಿದ್ದವರು ಕುಲಶೇಖರದ ಅಲೋಶಿಯಸ್. ಓಟ ಶುರು ಮಾಡುವ ಪಿಸ್ತೂಲು ಒಂದು ಬೇಕು ಅಂದದ್ದೇ ತಡ, ಅವರು ತಲೆ ಎತ್ತದೆ ಕೇಳಿದರು:

"ಯಾವ ಕ್ಯಾಲಿಬರ್?"

ಗುರುವಣ್ಣ ಈ ಪ್ರಶ್ನೆಗೆ ತಯಾರಾಗಿರಲಿಲ್ಲ. "ಸಾಧಾರಣ ಮನುಷ್ಯರಿಗೆ ಆಗುವಂಥದ್ದು, ಪೊರ್ಬುಗಳೇ," ಅಂದರು. ನಮ್ಮ ಕಡೆ ಕ್ರಿಶ್ಚಿಯನ್ನರನ್ನು ಮರ್ಯಾದೆಯಿಂದ ಕರೆಯುವುದು ಹಾಗೆ.

"ಮಾರಾಯ್ರೇ, ಇದು ಚಪ್ಪಲಿ ಅಲ್ಲ. ನಳಿಗೆಯ ತೂತು ಎಷ್ಟು ಅಗಲ ಅಂತ ಲೆಕ್ಕ. ಇಂಚಿನ ನೂರು ಪಾಲಲ್ಲಿ ಇಪ್ಪತ್ತೆರಡು ಪಾಲಿದ್ರೆ ಪಾಯಿಂಟ್ ಇಪ್ಪತ್ತೆರಡು. ಮತ್ತೆ ಮೂವತ್ತೆರಡು. ಮತ್ತೆ ಮೂವತ್ತೆಂಟು. ಗುಂಡು ಇಲ್ಲ, ನಳಿಗೆಯ ಬಾಯಿ ಮುಚ್ಚಿರ್ತದೆ. ತೋಟೆ ಖಾಲಿ ಸದ್ದಿನದ್ದು."

"ಗುಂಡೇ ಹೋಗ್ಲಿಕ್ಕಿಲ್ಲ ಅಂದ ಮೇಲೆ ತೂತಿನ ಅಗಲ ಯಾಕೆ?"

"ಸದ್ದಿಗೆ. ತೋಟೆ ದೊಡ್ಡದಾದ ಹಾಗೆ ಮದ್ದು ಜಾಸ್ತಿ. ಇಪ್ಪತ್ತೆರಡು ಚಟ್ ಅಂತದೆ. ಮೂವತ್ತೆರಡು ಢಂ ಅಂತದೆ, ಹೊಗೆಯೂ ಬರ್ತದೆ. ಮೂವತ್ತೆಂಟು... ನಿಮ್ಗೆ ಕಿವಿ ಚಂದ ಕೇಳ್ತದಾ ಈಗ?"

"ಕೇಳ್ತದೆ."

"ಹಾಗಾದ್ರೆ ಮೂವತ್ತೆಂಟು ಬೇಡ."

ಗುರುವಣ್ಣನಿಗೆ ಗುರಿಯ ಚಿಂತೆ ಇರಲಿಲ್ಲ, ಸದ್ದಿನ ಚಿಂತೆ ಇತ್ತು. ಹಾಗಾಗಿ ಬೇಡ ಅಂದದ್ದೇ ಬೇಕೆನಿಸಿತು. ಅಂಗಡಿಯಲ್ಲಿ ಹೊಡೆದು ತೋರಿಸುವಂತಿಲ್ಲ, ಪೊಲೀಸ್ ಪರವಾನಗಿ ಇಲ್ಲದೆ ಮುಟ್ಟಿ ನೋಡುವಂತೆಯೂ ಇಲ್ಲ. ಪರವಾನಗಿ ಅರ್ಜಿಯಲ್ಲಿ ಕ್ಯಾಲಿಬರ್ ಬರೆಯಲು ಒಂದೇ ಖಾನೆ. ಮೊದಲು ಆರಿಸಬೇಕು, ಆಮೇಲೆ ನೋಡಬೇಕು. ನಮ್ಮ ಕಾಲದ ಮದುವೆಗಳ ಕ್ರಮವೇ.

ಮರುದಿನ ಸಂಜೆ ಗುರುವಣ್ಣ ಸ್ಟೋರಿನ ವರ್ನಿಯರ್ ಅಳತೆಗೋಲನ್ನು ಕಿಸೆಗೆ ಹಾಕಿಕೊಂಡು ಮೊಯ್ದೀನ್ ಬ್ಯಾರಿಗಳ ದಿನಸಿ ಅಂಗಡಿಗೆ ಬಂದರು. ಮೊಯ್ದೀನ್ ಕೂಟದ ಉಪಾಧ್ಯಕ್ಷರು, ಓಟಗಾರ ಮಮ್ಮದನ ಅಣ್ಣ. ಅವರ ಹೆಂಡತಿ ನಫೀಸತ್ ಸಂಜೆ ಹೊತ್ತು ಕೌಂಟರಿನಲ್ಲಿ ಕೂರುತ್ತಿದ್ದರು. ರಂಜಾನಿನ ಉಪವಾಸ ಇನ್ನೇನು ಶುರುವಾಗುವುದಿತ್ತು, ಅಂಗಡಿಯ ತುಂಬ ಖರ್ಜೂರದ ಪೆಟ್ಟಿಗೆಗಳು.

ಗುರುವಣ್ಣ ಗೋಣಿಯಿಂದ ಕಾಳುಗಳನ್ನು ಹೆಕ್ಕಿ ಒಂದೊಂದಾಗಿ ಅಳೆದರು. ಇಡೀ ತೊಗರಿ ಪಾಯಿಂಟ್ ಇಪ್ಪತ್ತೆರಡಕ್ಕೆ ಸರಿಬಂತು. ಕಾಬೂಲಿ ಕಡಲೆ ಮೂವತ್ತೆರಡು. ಮೂವತ್ತೆಂಟಕ್ಕೆ ಹೋಲುವ ಕಾಳು ಸಿಗಲಿಲ್ಲ.

"ಅದೇ ಕಡಲೆಯನ್ನು ಒಂದಿಷ್ಟು ನೆನೆಸಿಡಿ," ಅಂದರು ನಫೀಸತ್. "ಮೂವತ್ತೆಂಟು ಆಗ್ತದೆ."

"ತಮಾಷೆ ಅಲ್ಲ ನಫೀಸಕ್ಕ. ತೊಗರಿಯಷ್ಟು ತೂತಿಂದ ಎಂತ ಸದ್ದು ಬರ್ತದೆ? ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ!"

"ತೊಗರಿಯೇ ಸಾಕು ಗುರುವಣ್ಣ," ಅಂದರು ಮೊಯ್ದೀನ್. "ನೆನೆಸಿದ ಕಡಲೆ ಹೊಡೆದ್ರೆ ನಮ್ಮ ಮಮ್ಮದ್ ಹಿಂದಕ್ಕೆ ಓಡ್ತಾನೆ. ಅವ ಕುಕ್ಕರ್ ಕೂಗಿದ್ರೆ ಕೂತಲ್ಲಿಂದ ಎದ್ದು ಹೋಗುವವ."

"ಹಾಗಾದ್ರೆ ಹೋದ ವರ್ಷ ವಾಲಿಬಾಲಿನವ ಊದಿದಾಗ ಮೊದಲು ಓಡಿದ್ದು ಯಾಕೆ ಅಂತ ಈಗ ಗೊತ್ತಾಯ್ತು ಬ್ಯಾರಿಗಳೇ!"

"ಓಡಿದ್ದು ತಪ್ಪಾ? ಊದಬೇಕಾದವರು ಊದದೆ ಬಾಯಲ್ಲಿ ಪೀಪಿ ಇಟ್ಕೊಂಡು ಕಣ್ಣು ಬಿಡ್ತಿದ್ರೆ?"

ಈ ಗಲಾಟೆಯ ನಡುವೆ ನಫೀಸತ್ ಒಂದು ಮಾತು ಕೇಳಿದರು. "ಯಾವ ದಿನ ನಿಮ್ಮ ಓಟ?"

"ಪ್ರತಿ ವರ್ಷದ ಹಾಗೆ, ಹಬ್ಬದ ಎರಡನೇ ದಿನ. ಮಾರ್ಚ್ ಇಪ್ಪತ್ತೈದು."

"ತಾರೀಖು ಈಗಲೇ ಹೇಗೆ ಹೇಳ್ತೀರಿ?"

"ಆಫೀಸಿನ ಕ್ಯಾಲೆಂಡರಲ್ಲಿ ಕೆಂಪು ಅಕ್ಷರದಲ್ಲಿ ಉಂಟು."

"ಚಂದ್ರ ಮೂಡುವುದು ಆಕಾಶದಲ್ಲಿ ಗುರುವಣ್ಣ, ಕ್ಯಾಲೆಂಡರಲ್ಲಿ ಅಲ್ಲ," ಅಂದರು ನಫೀಸತ್. ಗಂಡಸರು ಅಷ್ಟರಲ್ಲಿ ಮತ್ತೆ ತೊಗರಿ–ಕಡಲೆಗೆ ಹೊರಳಿದ್ದರು.

ಗುರುವಣ್ಣನದೂ ತಪ್ಪಲ್ಲ. ತುಳುವರಾದ ನಾವು ಸೌರಮಾನದವರು. ನಮ್ಮ ಹೊಸವರ್ಷದ ಬಿಸು ಸೂರ್ಯನ ಲೆಕ್ಕದಲ್ಲಿ ಬರುತ್ತದೆ, ಎಂದೂ ನಾಲ್ಕಾರು ಜನ ಮಹಡಿ ಹತ್ತಿ ಹುಡುಕಿದ ಮೇಲೆ ಬಂದದ್ದಿಲ್ಲ. ಅಚ್ಚಾದ ಹಬ್ಬ ಅಚ್ಚಾದ ದಿನವೇ ಆಗುತ್ತದೆ ಎಂಬುದು ನಮ್ಮ ಮೂಳೆಯಲ್ಲಿಯೇ ಉಳಿದ ನಂಬಿಕೆ.

ಕೊನೆಗೆ ಕ್ಯಾಲಿಬರನ್ನು ನಿರ್ಧರಿಸಿದ್ದು ಹೊಗೆ. ಅಲೋಶಿಯಸ್ ಹೇಳಿದ್ದರು: ನೂರು ಮೀಟರ್ ಆಚೆ ಗಡಿಯಾರ ಹಿಡಿದು ನಿಂತವರಿಗೆ ಸದ್ದು ತಡವಾಗಿ ತಲುಪುತ್ತದೆ, ಅವರು ಹೊಗೆ ನೋಡಿ ಗಡಿಯಾರ ಒತ್ತಬೇಕು. ಸರಿ, ಎಷ್ಟು ಹೊಗೆ ಅಲ್ಲಿವರೆಗೆ ಕಾಣುತ್ತದೆ? ಒಂದು ಶುಕ್ರವಾರ ಬೆಳಿಗ್ಗೆ ಗುರುವಣ್ಣ ಪೌಡರ್ ಡಬ್ಬ ಹಿಡಿದು ಮೈದಾನದ ಈ ತುದಿಯಲ್ಲಿ ನಿಂತರು, ಆ ತುದಿಯಲ್ಲಿ ವಸಂತಿಯನ್ನು ನಿಲ್ಲಿಸಿದರು. ಒಂದು ಚಿಟಿಕೆ ಪೌಡರ್ ಹಾಕಿ ಚಪ್ಪಾಳೆ ತಟ್ಟಿದರು, ಇದು ಇಪ್ಪತ್ತೆರಡು. ವಸಂತಿ ಕೈ ಆಡಿಸಿದಳು: ಕಾಣಲಿಲ್ಲ. ಒಂದು ಅಂಗೈ ಪೌಡರ್, ಇದು ಮೂವತ್ತೆರಡು. ಕಂಡಿತು. ಆಮೇಲೆ ಎರಡೂ ಅಂಗೈ ತುಂಬಿಸಿ ಬಲವಾಗಿ ತಟ್ಟಿದರು.

ವಸಂತಿ ನೂರು ಮೀಟರ್ ನಡೆದು ಬಂದು ಹೇಳಿದಳು, "ಹೊಗೆ ಮಾತ್ರ ಕಂಡಿತು. ನೀವು ಕಾಣ್ಲಿಲ್ಲ."

ತಾನು ಕಾಣದ ಓಟ ಗುರುವಣ್ಣನಿಗೆ ಬೇಕಾಗಿರಲಿಲ್ಲ. ಪಾಯಿಂಟ್ ಮೂವತ್ತೆರಡು ಖಾಯಂ ಆಯಿತು.

ಪರವಾನಗಿಗೆ ಒಮಾನಿ ಒಬ್ಬರು ಜವಾಬ್ದಾರಿ ಹೊರಬೇಕಿತ್ತು. ಗುರುವಣ್ಣನ ಕಫೀಲ್, ಅಂದರೆ ವೀಸಾ ಕೊಟ್ಟ ಧಣಿ, ಒಳ್ಳೆಯ ಮನುಷ್ಯ, ತಾನೇ ಕಾರಿನಲ್ಲಿ ಕೂರಿಸಿಕೊಂಡು ಠಾಣೆಗೆ ಕರೆದೊಯ್ದರು. ಅಧಿಕಾರಿ ಅರ್ಜಿ ಓದಿ ಹಿಂದಿಯಲ್ಲಿ ಕೇಳಿದ, ಪಿಸ್ತೂಲು ಯಾತಕ್ಕೆ?

"ಜನರನ್ನು ಓಡಿಸ್ಲಿಕ್ಕೆ ಸಾಬ್."

ಅಧಿಕಾರಿ ಪೆನ್ನು ಕೆಳಗಿಟ್ಟ. "ಯಾವ ಜನರನ್ನು?"

"ನಮ್ಮವರನ್ನೇ ಸಾಬ್. ಪ್ರತಿ ವರ್ಷ ಓಡಿಸ್ತೇನೆ. ಈವರೆಗೆ ಸೀಟಿಯಲ್ಲಿ ಓಡಿಸ್ತಿದ್ದೆ, ಸರಿಯಾಗಿ ಓಡ್ತಿರ್ಲಿಲ್ಲ."

ಕಫೀಲ್ ನಡುವೆ ಬಾಯಿ ಹಾಕಿ ಅರಬಿಯಲ್ಲಿ ಐದು ನಿಮಿಷ ವಿವರಿಸಿ ಉಳಿಸಿದರು. ಅಧಿಕಾರಿ ನಕ್ಕು, ಖಾನೆಗಳನ್ನು ಒಂದೊಂದಾಗಿ ತುಂಬಿಸಿದ. ಕ್ಯಾಲಿಬರ್? ಪಾಯಿಂಟ್ ಮೂವತ್ತೆರಡು. ಗುರುವಣ್ಣ ಎಷ್ಟು ಗಟ್ಟಿಯಾಗಿ ಹೇಳಿದರೆಂದರೆ ಪಕ್ಕದ ಕೋಣೆಯವರು ಇಣುಕಿದರು. ತೋಟೆ? ಹನ್ನೆರಡು. ದಿನಾಂಕ? ಮಾರ್ಚ್ ಇಪ್ಪತ್ತೈದು. ಆ ದಿನ ಅಂಗಡಿಯವನು ಪಿಸ್ತೂಲನ್ನು ಮೈದಾನಕ್ಕೆ ತರಬೇಕು, ಪೊಲೀಸನೊಬ್ಬ ಕಾಗದ ನೋಡಿದ ಮೇಲೆ ಕೊಡಬೇಕು, ಸಂಜೆಗೆ ವಾಪಸು ಒಯ್ಯಬೇಕು. ಸೀಲು ಬಿತ್ತು.

ಮೈದಾನದ ಕಾಗದ ಮೊದಲೇ ಬಂದಿತ್ತು. ಅದನ್ನು ಬರೆದ ಗುಮಾಸ್ತ ತಿಳಿದವನು, ತಾರೀಖಿನ ಗೋಜಿಗೇ ಹೋಗದೆ "ಈದ್‌ನ ಎರಡನೇ ದಿನ" ಎಂದು ಬರೆದಿದ್ದ. ಎರಡು ಕಾಗದಗಳನ್ನೂ ಗುರುವಣ್ಣ ಒಂದೇ ಫೈಲಿನಲ್ಲಿ ಒಂದರ ಮೇಲೊಂದು ಇಟ್ಟರು. ಒಟ್ಟಿಗೆ ಯಾರೂ ಓದಲಿಲ್ಲ.

ಮಾರ್ಚ್ ಇಪ್ಪತ್ತಮೂರರ ಸಂಜೆ ಮಸ್ಕತ್ತಿನ ಮೇಲೆ ಮೋಡ. ಟಿವಿಯಲ್ಲಿ ಹೇಳಿದರು: ಚಂದ್ರ ಕಾಣಲಿಲ್ಲ, ನಾಳೆಯೂ ಉಪವಾಸ, ಹಬ್ಬ ಇಪ್ಪತ್ತೈದಕ್ಕೆ. ಮೊಯ್ದೀನ್ ಫೋನ್ ಮಾಡಿದರು. "ಗುರುವಣ್ಣ, ಓಟ ಇಪ್ಪತ್ತಾರಕ್ಕೆ ಹೋಯ್ತು. ಹಬ್ಬದ ಮೊದಲ ದಿನ ನಮಾಜು, ನೆಂಟರು, ಬಿರಿಯಾನಿ. ನಮ್ಮವರು ಯಾರೂ ಬರ್ಲಿಕ್ಕಿಲ್ಲ."

"ಒಳ್ಳೆದೇ ಆಯ್ತು," ಅಂದರು ಗುರುವಣ್ಣ. "ನನ್ಗೆ ಅಭ್ಯಾಸಕ್ಕೆ ಒಂದು ದಿನ ಜಾಸ್ತಿ ಸಿಕ್ತು." ಅವರು ಹೇರ್ ಡ್ರೈಯರ್ ಹಿಡಿದು ಕನ್ನಡಿ ಮುಂದೆ ಕೈ ಎತ್ತುವ ಅಭ್ಯಾಸ ಮಾಡುತ್ತಿದ್ದರು.

ಇಪ್ಪತ್ತಾರರ ಬೆಳಿಗ್ಗೆ ಮೈದಾನದಲ್ಲಿ ಇನ್ನೂರು ಜನ. ಗುರುವಣ್ಣ ಬಿಳಿ ಪ್ಯಾಂಟು, ಬಿಳಿ ಶೂ, ಕೆಂಪು ಟೊಪ್ಪಿ. ಹೊಗೆ ಎದ್ದು ಕಾಣಲೆಂದು ಬೆನ್ನ ಹಿಂದೆ ಕಪ್ಪು ಬಟ್ಟೆಯ ಪರದೆ, ವಸಂತಿಯ ಹಳೆಯ ಸೀರೆಯದ್ದು. ಏಳು ಜನ ಗೆರೆಯ ಮೇಲೆ, ಮೂರನೆಯವನು ಮಮ್ಮದ್, ಎರಡೂ ಕಿವಿಗೆ ಹತ್ತಿ. ಅಲೋಶಿಯಸ್ ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟು ಬೀಗ ತೆಗೆದರು. ಗುರುವಣ್ಣ ಪಿಸ್ತೂಲನ್ನು ಮೊದಲ ಬಾರಿ ನೋಡಿದರು. ಅಂದುಕೊಂಡದ್ದಕ್ಕಿಂತ ಚಿಕ್ಕದಿತ್ತು. ಆದರೂ ಚಂದ ಇತ್ತು.

ಮೈದಾನದ ಕಾವಲಿಗಿದ್ದ ಪೊಲೀಸ್ ಯುವಕ ನಗುತ್ತಲೇ ಬಂದು ಕಾಗದ ಕೇಳಿದ. ಓದಿದ. ಕೈಗಡಿಯಾರದಲ್ಲಿ ತಾರೀಖು ನೋಡಿದ. ಮತ್ತೆ ಓದಿದ.

"ಇದು ನಿನ್ನೆಯದು," ಅಂದ ಹಿಂದಿಯಲ್ಲಿ.

"ಹೌದು ಸಾಬ್, ಆದ್ರೆ ಹಬ್ಬ ಒಂದು ದಿನ ಮುಂದೆ ಹೋಯ್ತಲ್ಲ!"

"ಹಬ್ಬ ಹೋಗಿದೆ. ಕಾಗದ ಹೋಗಿಲ್ಲ. ನಿನ್ನೆ ಬಂದಿದ್ದರೆ ಹನ್ನೆರಡೂ ಹೊಡೆಯಬಹುದಿತ್ತು."

"ತಾರೀಖು ತಿದ್ದಿಸಿ ಕೊಡ್ಬಹುದಾ?"

"ಸಹಿ ಮಾಡುವವರು ರಜೆಯಲ್ಲಿದ್ದಾರೆ. ಹಬ್ಬ ಅಲ್ವಾ?" ಅವನಿಗೂ ಬೇಸರವಾಗಿತ್ತು. "ಖಲಾಸ್, ಭಾಯಿ."

ಅಲೋಶಿಯಸ್ ಪೆಟ್ಟಿಗೆಗೆ ಬೀಗ ಹಾಕಿದರು. ಮೈದಾನ ಚಾಂದ್ರಮಾನದಲ್ಲಿತ್ತು, ಪಿಸ್ತೂಲು ಸೌರಮಾನದಲ್ಲಿತ್ತು. ಹೆಂಗಸರ ಸಾಲಿನಲ್ಲಿ ಕೂತಿದ್ದ ನಫೀಸತ್ ಆಕಾಶದತ್ತ ಬೆರಳು ಕೂಡ ತೋರಿಸದೆ ಖರ್ಜೂರ ಹಂಚತೊಡಗಿದರು. ಅದು ಅವರ ದೊಡ್ಡತನ.

ಬಿಸಿಲು ಏರುತ್ತಿತ್ತು. "ಶುರು ಮಾಡಿ ಮಾರಾಯ್ರೇ!" ಅಂತ ಜನ ಕೂಗತೊಡಗಿದರು. ಹಳದಿ ಸೀಟಿ ಕೂಟದ ಆಫೀಸಿನ ಗಾಜಿನ ಕಪಾಟಿನಲ್ಲಿ ವಿಶ್ರಾಂತ ಜೀವನ ನಡೆಸುತ್ತಿತ್ತು, ಅದರ ಬೀಗದ ಕೈ ಹಬ್ಬದ ರಜೆಗೆ ದೂರದ ಖಸಬ್‌ಗೆ ಹೋದ ಅಧ್ಯಕ್ಷರ ಬಳಿ. ಗುರುವಣ್ಣ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತರು. ಪೊಲೀಸ್ ಯುವಕನಿಗೆ ನೋಡಲಾಗಲಿಲ್ಲ. ಹೆಗಲಿಗೆ ಸಿಕ್ಕಿಸಿದ್ದ ತನ್ನ ಸೀಟಿಯನ್ನು ಬಿಚ್ಚಿ ಕೊಟ್ಟ. ಲೋಹದ್ದು, ಹೊಳೆಯುವಂಥದ್ದು.

ಗುರುವಣ್ಣ ಅದನ್ನು ಅಂಗಿಯ ತುದಿಗೆ ಒರೆಸಿದರು. ಕಪ್ಪು ಪರದೆಯ ಮುಂದೆ ನೆಟ್ಟಗೆ ನಿಂತರು. "ಆನ್ ಯುವರ್ ಮಾರ್ಕ್ಸ್," ಅಂದರು. ಏಳು ಜನ ಬಗ್ಗಿದರು. ಪಕ್ಕದ ಮೈದಾನದಲ್ಲಿ ವಾಲಿಬಾಲ್ ಇರಲಿಲ್ಲ, ಎಲ್ಲ ಕಡೆ ನಿಶ್ಶಬ್ದ. ಗುರುವಣ್ಣ ಎದೆ ತುಂಬ ಉಸಿರೆಳೆದು, ಈ ಒಂಬತ್ತು ವರ್ಷದಲ್ಲಿ ಊದದ ಹಾಗೆ ಊದಿದರು.

ಯಾರೂ ಕದಲಲಿಲ್ಲ.

ಇನ್ನೊಮ್ಮೆ ಊದಿದರು. ಏಳು ಜನ ಬಗ್ಗಿದಲ್ಲೇ ಬಗ್ಗಿದ್ದರು. ಕೊನೆಗೆ ಮಮ್ಮದ್ ಒಂದು ಕಿವಿಯ ಹತ್ತಿ ತೆಗೆದು, ತಲೆ ಮಾತ್ರ ಎತ್ತಿ ಹೇಳಿದ:

"ಎರಡನೇ ಕಲಮು, ಗುರುವಣ್ಣ. ಸೀಟಿ ಯಾರದೇ ಆಗಿರಲಿ."

ಒಂಬತ್ತು ವರ್ಷಗಳಲ್ಲಿ ಮೊದಲ ಬಾರಿಗೆ, ಏಳು ಜನವೂ ಗುರುವಣ್ಣ ಹೇಳಿದ ಹಾಗೆ ಒಟ್ಟಿಗೆ ಕೇಳಿದ್ದರು.