ತಡೆದುಕೊಂಡ ಉರಿ

ಟೈಲರಕ್ಕನ ಬಲಗೈಗೆ ಕ್ಯಾನ್ಸರ್ ಔಷಧಿಯ ಡ್ರಿಪ್ ಏರಿಸಿ, "ಉರಿದ್ರೆ, ಊದಿದ್ರೆ ತಕ್ಷಣ ಕೂಗಿ," ಎಂದು ನರ್ಸ್ ಹೇಳಿಹೋಗಿದ್ದಳು. ಸ್ವಲ್ಪದರಲ್ಲೇ ಕೈ ಕೆಂಡ ಹಿಡಿದ ಹಾಗೆ ಉರಿಯತೊಡಗಿತು. ಅಕ್ಕ ತುಟಿಪಿಟಿಕ್ಕೆನ್ನಲಿಲ್ಲ. ಕಳೆದ ಸಲ ಬಿಳಿ ರಕ್ತಕಣ ಕಡಿಮೆಯೆಂದು ಡ್ರಿಪ್ ಕೊಡದೆ ಮನೆಗೆ ಕಳಿಸಿದ್ದರು. ಅಷ್ಟರಲ್ಲಿ ಎದೆಯ ಗಂಟು ಮತ್ತಷ್ಟು ಬೆಳೆದಿತ್ತು. ಈಗ ಬಾಯಿಬಿಟ್ಟರೆ ಮತ್ತೆ ನಿಲ್ಲಿಸಿಬಿಟ್ಟಾರು. ಬಟ್ಟೆ ಬಿಗಿಯಾಯಿತೆಂದು ಗೊಣಗುವ ಗಿರಾಕಿಗಳಿಗೆ, "ಹಾಕ್ತಾ ಹಾಕ್ತಾ ಸರಿಹೋಗುತ್ತೆ," ಎಂದು ಜೀವಮಾನವೆಲ್ಲ ಬುರುಡೆ ಬಿಟ್ಟವಳು ಇವತ್ತು ಅದನ್ನೇ ತನಗೂ ಹೇಳಿಕೊಂಡು, ಊದಿದ ಕೈಯನ್ನು ಹೊದಿಕೆಯಡಿ ಮುಚ್ಚಿಟ್ಟಳು. ಉರಿದಷ್ಟೂ ಗಂಟು ಸುಡುತ್ತಿದೆ ಎಂದುಕೊಂಡಳು.

ಹೊದಿಕೆ ಸರಿಪಡಿಸಲು ಬಂದ ತಂಗಿ ಕೈ ನೋಡಿ ಕಿರುಚಿದಳು. ನರ್ಸ್ ಓಡಿಬಂದು ಡ್ರಿಪ್ ನಿಲ್ಲಿಸಿದಳು.

"ನಿಲ್ಲಿಸ್ಬೇಡಮ್ಮಾ, ನಿನ್ನ ಕಾಲಿಗೆ ಬೀಳ್ತೀನಿ. ನಾನು ತಡ್ಕೋತೀನಿ!"

"ಸೂಜಿ ನರದಿಂದ ಜಾರಿದೆ ಅಕ್ಕಾ. ಔಷಧಿ ಚರ್ಮದಡಿ ಸೋರಿ ಕೈಯನ್ನೇ ಸುಡ್ತಿದೆ."

"ಮತ್ತೆ ಗಂಟಿಗೆ?"

"ಅಲ್ಲಿಗೆ ಹೋಗ್ತಾನೇ ಇರ್ಲಿಲ್ಲ."

ಅಕ್ಕ ಕತ್ತರಿ ಹಿಡಿಯುವ ಬೆರಳುಗಳನ್ನು ಮಡಿಸಲು ನೋಡಿದಳು. ಅವು ಅವಳ ಮಾತು ಕೇಳಲಿಲ್ಲ.